ಊರಿನ ಹೆಸರಲ್ಲಿ ಬದೋಲ್ಯೊ ಇರಬೇಕಾ?

ಇಟಲಿಯ ಪಿಯೆಮೊಂತೆಯಲ್ಲಿ ದ್ರಾಕ್ಷಿ ತೋಟಗಳ ನಡುವೆ ಗ್ರತ್ಸಾನೊ ಬದೋಲ್ಯೊ ಅಂತ ಒಂದು ಪುಟ್ಟ ಊರಿದೆ. ಮೊದಲು ಅದು ಗ್ರತ್ಸಾನೊ ಮೊನ್ಫೆರಾತೊ ಆಗಿತ್ತು. 1871ರಲ್ಲಿ ಅಲ್ಲಿ ಹುಟ್ಟಿದ ಪಿಯೆತ್ರೊ ಬದೋಲ್ಯೊ ಸೇನೆಯ ಮಾರ್ಷಲ್ ಆದ. ಮುಸೊಲಿನಿ ಕಾಲದಲ್ಲಿ ಊರಿಗೇ ಅವನ ಹೆಸರು ಅಂಟಿತು. ಇನ್ನೂ ಅಂಟಿಕೊಂಡೇ ಇದೆ.

ಪರ: ಇರಲಿ ಬಿಡಿ

ಸಬೊತಿನೊ ಬೆಟ್ಟದಿಂದ ಶುರು ಮಾಡೋಣ. ಮೊದಲ ಮಹಾಯುದ್ಧದಲ್ಲಿ ಇಸೊಂಜೊ ನದಿಯ ಪಕ್ಕದ ಆ ಕಲ್ಲುಬೆಟ್ಟದ ಮೇಲೆ ಆಸ್ಟ್ರಿಯಾದ ಸೈನಿಕರು ಬೇರೂರಿ ಕೂತಿದ್ದರು. 1915ರಲ್ಲಿ ಇಟಲಿಯವರು ಮತ್ತೆ ಮತ್ತೆ ಹತ್ತಿದರು, ಸತ್ತರು. ಬದೋಲ್ಯೊ ಸುಮ್ನೆ ಜನರನ್ನು ಗುಂಡಿಗೆ ಒಡ್ಡಲಿಲ್ಲ. ತಿಂಗಳುಗಟ್ಟಲೆ ಬಂಡೆ ಕೊರೆಸಿದ. ಕಂದಕ, ಸುರಂಗಗಳನ್ನು ಶತ್ರುವಿನ ಮುಳ್ಳುತಂತಿಯ ಹತ್ತಿರದವರೆಗೂ ಒಯ್ದ. 1916ರ ಆಗಸ್ಟ್ 6ರಂದು ಅಲ್ಲಿಂದ ಸೈನಿಕರು ಎದ್ದು ನುಗ್ಗಿದರು. ಬೆಟ್ಟ ಕೈಗೆ ಬರಲು ಒಂದು ಗಂಟೆಯೂ ಹಿಡಿಯಲಿಲ್ಲ. ಯುದ್ಧದ ಶುರುವಿನಲ್ಲಿ ಬರೀ ಲೆಫ್ಟಿನೆಂಟ್ ಕರ್ನಲ್ ಆಗಿದ್ದವನು, 1918ರ ನವೆಂಬರ್ 3ರಂದು ಪಾದುವಾ ಹತ್ತಿರದ ವಿಲ್ಲಾ ಜುಸ್ತಿಯಲ್ಲಿ ಆಸ್ಟ್ರಿಯಾ ಜೊತೆ ಕದನವಿರಾಮಕ್ಕೆ ಇಟಲಿಯ ಪರವಾಗಿ ಸಹಿ ಹಾಕಿದ.

ಎರಡನೇ ಮಹಾಯುದ್ಧದ ಹೊತ್ತಿಗೆ ಅವನಿಗೆ ವಯಸ್ಸಾಗಿತ್ತು. ಗ್ರೀಸ್ ಮೇಲಿನ ದಾಳಿ ಹಳ್ಳ ಹಿಡಿದಾಗ, 1940ರ ಡಿಸೆಂಬರ್‌ನಲ್ಲಿ ಸೇನಾ ಮುಖ್ಯಸ್ಥನ ಕುರ್ಚಿ ಬಿಟ್ಟ. 1943ರ ಜುಲೈ 25ರಂದು ರಾಜ ಮುಸೊಲಿನಿಯನ್ನು ಇಳಿಸಿ ಇವನನ್ನು ಪ್ರಧಾನಿ ಮಾಡಿದ. ಫ್ಯಾಸಿಸ್ಟ್ ಪಕ್ಷವನ್ನು ಬರ್ಖಾಸ್ತು ಮಾಡಿದ್ದು ಬದೋಲ್ಯೊ ಸರ್ಕಾರವೇ. ಅಕ್ಟೋಬರ್ 13ರಂದು, ಹಿಂದೆ ಮಿತ್ರನಾಗಿದ್ದ ಜರ್ಮನಿಯ ಮೇಲೆ ಯುದ್ಧ ಸಾರಿದ್ದೂ ಅದೇ. ತಡವಾಯಿತು, ಒಪ್ಪೋಣ. ಆದರೂ ಸೋಲುವ ಯುದ್ಧದಿಂದ ದೇಶವನ್ನು ಹೊರಗೆಳೆಯುವ ಕೆಲಸಕ್ಕೆ ಯಾರಾದರೂ ಕೈ ಹಾಕಲೇಬೇಕಿತ್ತು, ಅಲ್ವಾ? ಕಡೆಗೆ ಅವನು ತನ್ನೂರಿನಲ್ಲೇ, 1956ರಲ್ಲಿ ಕಣ್ಣು ಮುಚ್ಚಿದ. ಊರಿನ ಮಗ, ಊರಿನ ಹೆಸರು. ಅಳಿಸಿದರೆ ಒಳ್ಳೆಯದರ ಜೊತೆ ಕೆಟ್ಟದ್ದೂ ಮರೆತುಹೋಗುತ್ತದೆ.

ವಿರೋಧ: ಕಿತ್ತುಹಾಕಿ

ಸಬೊತಿನೊ ಗೆಲುವು ಲೆಕ್ಕಕ್ಕಿದ್ದರೆ ಕಪೊರೆತ್ತೊ ಸೋಲು ಯಾಕಿಲ್ಲ? 1917ರ ಅಕ್ಟೋಬರ್ 24ರಂದು ಜರ್ಮನ್ ಮತ್ತು ಆಸ್ಟ್ರಿಯಾ ಸೇನೆಗಳು ಇವನ ದಳ ಇದ್ದ ಕಡೆಯೂ ನುಗ್ಗಿದವು. ತಾನು ಹೇಳುವವರೆಗೆ ಗುಂಡು ಹಾರಿಸಬಾರದು ಅಂತ ಫಿರಂಗಿಯವರಿಗೆ ಅಪ್ಪಣೆ ಕೊಟ್ಟಿದ್ದ. ಬೆಳಗಿನ ದಾಳಿಯಲ್ಲಿ ಟೆಲಿಫೋನ್ ತಂತಿಗಳು ತುಂಡಾದವು. ಅಪ್ಪಣೆ ಬರಲೇ ಇಲ್ಲ, ಫಿರಂಗಿಗಳು ಬಾಯಿಬಿಡಲಿಲ್ಲ. ಇಟಲಿಯ ಸೇನೆ ಪಿಯಾವೆ ನದಿಯವರೆಗೆ ಹಿಂದೆ ಸರಿಯಿತು, ಎರಡೂವರೆ ಲಕ್ಷಕ್ಕೂ ಜಾಸ್ತಿ ಸೈನಿಕರು ಸೆರೆಯಾದರು. ಇವನಿಗೋ, ಉಪ ಮುಖ್ಯಸ್ಥನಾಗಿ ಬಡ್ತಿ!

ಆದರೆ ನನ್ನ ತಕರಾರು ಇರುವುದು ಆಫ್ರಿಕಾದ್ದು. 1930ರಲ್ಲಿ ಲಿಬಿಯಾದ ಗವರ್ನರ್ ಆಗಿದ್ದಾಗ, ಜೆಬೆಲ್ ಅಖ್ದರ್ ಬೆಟ್ಟಸೀಮೆಯ ಸುಮಾರು ಒಂದು ಲಕ್ಷ ಜನರನ್ನು ಮಕ್ಕಳು, ದನಕರುಗಳ ಸಮೇತ ಎಬ್ಬಿಸಿ ಮುಳ್ಳುತಂತಿಯ ಶಿಬಿರಗಳಿಗೆ ನಡೆಸಲಾಯಿತು. ಮುಂದೆ ನಿಂತು ಮಾಡಿಸಿದವನು ಜನರಲ್ ಗ್ರಾತ್ಸಿಯಾನಿ, ಮೇಲಿಂದ ಹೇಳಿದವನು ಬದೋಲ್ಯೊ. ಇಥಿಯೋಪಿಯಾದಲ್ಲಿ ಇವನೇ ನಡೆಸಿದ ಯುದ್ಧದಲ್ಲಿ 1935ರ ಡಿಸೆಂಬರ್‌ನಿಂದ ಇಟಲಿಯ ವಿಮಾನಗಳು ಮಸ್ಟರ್ಡ್ ಗ್ಯಾಸ್ ಸುರಿದವು. ಹೆಸರು ಗ್ಯಾಸ್ ಅಂತಿದ್ದರೂ ಅದು ಬೀಳುತ್ತಿದ್ದದ್ದು ತುಂತುರು ಮಳೆಯ ಹಾಗೆ. ಬಿದ್ದ ಕಡೆ ಚರ್ಮ ಬೊಬ್ಬೆಯೇಳುತ್ತಿತ್ತು, ಬರಿಗಾಲಲ್ಲಿ ಹುಲ್ಲು ತುಳಿದರೂ ಸಾಕಿತ್ತು. ವಿಷಾನಿಲ ಬಳಸುವುದಿಲ್ಲ ಅಂತ 1925ರ ಜಿನೀವಾ ಒಪ್ಪಂದಕ್ಕೆ ಇಟಲಿಯೂ ಸಹಿ ಹಾಕಿತ್ತು. 1936ರ ಮೇ 5ರಂದು ರಾಜಧಾನಿ ಅಡಿಸ್ ಅಬಾಬಾ ಹೊಕ್ಕ ಬದೋಲ್ಯೊಗೆ ಆ ಊರಿನ ಡ್ಯೂಕ್ ಅನ್ನುವ ಬಿರುದು ಸಿಕ್ಕಿತು. ವಿಚಾರಣೆ ಮಾತ್ರ ಯಾವತ್ತೂ ಆಗಲಿಲ್ಲ.

ಇನ್ನು ದೇಶವನ್ನು ಹೊರಗೆಳೆದ ಕಥೆ. 1943ರ ಸೆಪ್ಟೆಂಬರ್ 3ರಂದು ಇಂಗ್ಲಿಷರು, ಅಮೆರಿಕನ್ನರ ಜೊತೆ ಗುಟ್ಟಾಗಿ ಕದನವಿರಾಮಕ್ಕೆ ಸಹಿ ಬಿತ್ತು. 7ರ ರಾತ್ರಿ ಅಮೆರಿಕದ ಜನರಲ್ ಟೇಲರ್ ಕದ್ದುಮುಚ್ಚಿ ರೋಮ್‌ಗೆ ಬಂದು, ಮಲಗಿದ್ದವನನ್ನು ಎಬ್ಬಿಸಿದರೆ, ಈಗಲೇ ಘೋಷಿಸಬೇಡಿ ಅಂದ. 8ರ ಸಂಜೆ ಅವರ ಸೇನಾಪತಿ ಐಸೆನ್‌ಹೋವರ್ ಘೋಷಿಸಿಯೇ ಬಿಟ್ಟ. ಆಮೇಲೆ ಇವನೂ ರೇಡಿಯೋದಲ್ಲಿ ಓದಿದ: ಇಂಗ್ಲಿಷರು, ಅಮೆರಿಕನ್ನರ ವಿರುದ್ಧ ಹೋರಾಟ ನಿಲ್ಲಿಸಿ, ಬೇರೆ ಎಲ್ಲಿಂದಾದರೂ ದಾಳಿ ಬಂದರೆ ಎದುರಿಸಿ. ಜರ್ಮನ್ ಅನ್ನುವ ಪದವೇ ಅದರಲ್ಲಿರಲಿಲ್ಲ. ಬೆಳಗಾಗುವಷ್ಟರಲ್ಲಿ ರಾಜನ ಜೊತೆ ಕಾರು ಹತ್ತಿ ಪೆಸ್ಕಾರಾ ಕಡೆಗೆ ಹೊರಟಿದ್ದ, ಅಲ್ಲಿಂದ ಹಡಗಿನಲ್ಲಿ ಬ್ರಿಂದಿಸಿಗೆ. ಹಿಂದೆ ಉಳಿದ ಸೈನಿಕರಿಗೆ ಯಾರ ಮೇಲೆ ಗುಂಡು ಹಾರಿಸಬೇಕು ಅನ್ನುವುದೇ ಗೊತ್ತಿರಲಿಲ್ಲ. ಆರು ಲಕ್ಷದಷ್ಟು ಜನ ಸೆರೆಯಾಗಿ ಜರ್ಮನ್ನರ ಶಿಬಿರ ಸೇರಿದರು. ಗ್ರೀಸಿನ ಕೆಫಲೋನಿಯಾ ದ್ವೀಪದಲ್ಲಿ ಶರಣಾದವರನ್ನೂ ಜರ್ಮನ್ನರು ಸಾವಿರಗಟ್ಟಲೆ ಕೊಂದರು.

ಹೆಸರಿದ್ದರೆ ಕೆಟ್ಟದ್ದೂ ನೆನಪಿರುತ್ತದೆ ಅನ್ನುವ ವಾದ ನನಗೆ ಒಗ್ಗುವುದಿಲ್ಲ. ಊರ ಬೋರ್ಡಿನ ಮೇಲೆ ಇರುವುದು ಬದೋಲ್ಯೊ ಅನ್ನುವ ಹೆಸರು ಮಾತ್ರ. ಜೆಬೆಲ್ ಅಖ್ದರ್, ಕೆಫಲೋನಿಯಾ ಅಂತ ಅದರಲ್ಲಿ ಎಲ್ಲಿ ಬರೆದಿದೆ?