ಹನ್ನೊಂದನೇ ವಚನಕ್ಕೆ ಮುಂಚೆ ಐದನೇ ವಚನವಿದೆ

"ನನ್ನ ಜೀವನದ ಬಗ್ಗೆ ದೇವರ ಉದ್ದೇಶ ಏನು?" ಕ್ರೈಸ್ತ ಯುವಜನರು ಸೇರಿದ ಕಡೆಯಲ್ಲೆಲ್ಲ ಈ ಪ್ರಶ್ನೆ ಬರುತ್ತದೆ. ಉತ್ತರವೂ ಸಿದ್ಧವಾಗಿರುತ್ತದೆ: ಬೈಬಲಿನ ಯೆರೆಮೀಯ 29:11. ನಿಮ್ಮ ವಿಷಯದಲ್ಲಿ ನನಗಿರುವುದು ಹಿತದ ಯೋಚನೆಗಳೇ, ಕೇಡಿನವಲ್ಲ ಎಂದು ದೇವರು ಹೇಳುವ ಮಾತು. ಕ್ಯಾಲೆಂಡರ್, ಗೋಡೆ, ವಾಟ್ಸಾಪ್ ಸ್ಟೇಟಸ್, ಎಲ್ಲಿ ನೋಡಿದರೂ ಅದೇ. ನನಗೂ ಇಷ್ಟದ ವಚನವೇ. ಆದರೆ ಅದೊಂದನ್ನೇ ಕತ್ತರಿಸಿ ಕೈಗೆ ಕೊಡುತ್ತೇವಲ್ಲ, ಅದರ ಬಗ್ಗೆ ನನ್ನ ತಕರಾರಿದೆ.

ಅದು ಒಂದು ಪತ್ರದ ಸಾಲು. ಕ್ರಿ.ಪೂ. 597ರಲ್ಲಿ ಬಾಬಿಲೋನಿನ ಅರಸ ನೆಬೂಕದ್ನೆಚ್ಚರ ಯೆರೂಸಲೇಮಿನ ರಾಜನನ್ನು ಸೆರೆಹಿಡಿದು ಒಯ್ದ. ಅವನ ಜೊತೆ ಅಧಿಕಾರಿಗಳು, ಕುಶಲಕರ್ಮಿಗಳು, ಕಮ್ಮಾರರೂ ಹೋದರು. ಮನೆ ಹೋಯಿತು, ದೇವಾಲಯ ದೂರವಾಯಿತು, ಸುತ್ತಲೂ ಗೊತ್ತಿಲ್ಲದ ಭಾಷೆ. ಹಾಗೆ ಕೂತವರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರವಿದು. ಹನ್ನೊಂದನೇ ವಚನಕ್ಕೆ ಬರುವ ಮೊದಲು, ಐದನೇ ವಚನದಿಂದ ಅವನು ಏನು ಹೇಳುತ್ತಾನೆ ನೋಡಿ. ಮನೆ ಕಟ್ಟಿಕೊಳ್ಳಿ. ತೋಟ ಮಾಡಿ, ಅದರ ಫಲ ತಿನ್ನಿ. ಮದುವೆಯಾಗಿ, ನಿಮ್ಮ ಮಕ್ಕಳಿಗೂ ಮದುವೆ ಮಾಡಿ. ನೀವಿರುವ ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ. ಯಾವ ಪಟ್ಟಣ? ತಮ್ಮನ್ನು ಹಿಡಿದು ತಂದವರ ಪಟ್ಟಣ! ಹತ್ತನೇ ವಚನದಲ್ಲಿ ಇನ್ನೊಂದು ಮಾತಿದೆ. ಊರಿಗೆ ವಾಪಸ್ ಕರೆತರುವುದು ಎಪ್ಪತ್ತು ವರ್ಷ ತುಂಬಿದ ಮೇಲೆ. ಅಂದರೆ ಪತ್ರ ಓದಿಸಿಕೊಂಡ ದೊಡ್ಡವರಲ್ಲಿ ಬಹುತೇಕ ಯಾರೂ ಊರು ನೋಡುವುದಿಲ್ಲ. ಇಷ್ಟೆಲ್ಲ ಆದ ಮೇಲೆ ಬರುತ್ತದೆ ನಮ್ಮ ಸ್ಟೇಟಸ್ ವಚನ.

ಇದರ ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ ಇದ್ದಾನೆ. ಎರಡೇ ವರ್ಷ, ಎಲ್ಲಾ ಸರಿಹೋಗುತ್ತದೆ ಅಂತ ಅವನು ದೇವಾಲಯದಲ್ಲಿ ಎಲ್ಲರೆದುರು ಸಾರಿದ. ಅದು ಸುಳ್ಳು. ನಿಜ ಹೇಳಬೇಕೆಂದರೆ, ನಮ್ಮಲ್ಲಿ ಬಹಳ ಜನ ಯೆರೆಮೀಯನ ವಚನವನ್ನು ಹನನ್ಯನ ಅರ್ಥದಲ್ಲಿ ಓದುತ್ತೇವೆ. ಬೇಗ ಏನೋ ದೊಡ್ಡದು ಆಗುತ್ತದೆ, ಅಲ್ಲಿಂದ ನನ್ನ ನಿಜವಾದ ಜೀವನ ಶುರು ಅಂತ. ಅಲ್ಲಿಯವರೆಗಿನ ದಿನಗಳೆಲ್ಲ ವೇಟಿಂಗ್ ರೂಮ್.

ಇದಕ್ಕೆ ಸಭೆಗಳೂ ಸ್ವಲ್ಪ ಕಾರಣ. ಕೆಲಸ ಬಿಟ್ಟು ಪೂರ್ಣಾವಧಿ ಸೇವೆಗೆ ಬಂದವರ ಸಾಕ್ಷಿ ಕೇಳುತ್ತೇವೆ, ಒಳ್ಳೆಯದೇ. ಆದರೆ ಅದೇ ಕೆಲಸದಲ್ಲಿ ಉಳಿದು, ಲಂಚ ಮುಟ್ಟದೆ, ಜೊತೆಯವರ ಮೇಲೆ ರೇಗದೆ ನಿವೃತ್ತರಾದವರನ್ನು ಯಾರಾದರೂ ಮುಂದೆ ಕರೆದು ಮೈಕ್ ಕೊಡುತ್ತಾರಾ? ಯೇಸು ಸೇವೆ ಆರಂಭಿಸಿದಾಗ ಸುಮಾರು ಮೂವತ್ತು ವರ್ಷದವನು ಎನ್ನುತ್ತಾನೆ ಲೂಕ. ಊರಿನವರಿಗೆ ಅವನು ಬಡಗಿ ಅಷ್ಟೇ, ಮಾರ್ಕ 6:3 ಓದಿ. ಆ ವರ್ಷಗಳ ಬಗ್ಗೆ ಸುವಾರ್ತೆಗಳಲ್ಲಿ ಹೆಚ್ಚೇನೂ ಇಲ್ಲ. ಆದರೂ ದೀಕ್ಷಾಸ್ನಾನದ ದಿನ, ಒಂದು ಉಪದೇಶವನ್ನೂ ಮಾಡುವ ಮೊದಲೇ, ನಿನ್ನನ್ನು ಮೆಚ್ಚಿದ್ದೇನೆ ಎಂಬ ತಂದೆಯಾದ ದೇವರ ಮಾತು ಬಂತು.

ಜರ್ಮನಿಯ ಸಭಾಸುಧಾರಕ ಮಾರ್ಟಿನ್ ಲೂಥರ್ 1522ರಲ್ಲಿ ಮದುವೆಯ ಬಗ್ಗೆ ಬರೆಯುತ್ತಾ ಮಗುವಿನ ಹೊಲಸು ಬಟ್ಟೆ ಒಗೆಯುವ ಅಪ್ಪನ ಉದಾಹರಣೆ ಕೊಡುತ್ತಾನೆ. ಅಕ್ಕಪಕ್ಕದವರು ಅವನನ್ನು ಹೆಣ್ಣಿಗ ಅಂತ ಆಡಿಕೊಳ್ಳಬಹುದು. ದೇವರು ಮಾತ್ರ ತನ್ನ ಎಲ್ಲಾ ದೂತರ ಜೊತೆ ನಗುತ್ತಾನೆ ಎನ್ನುತ್ತಾನೆ ಲೂಥರ್. ನಗು ಒಗೆಯುತ್ತಿರುವುದಕ್ಕಲ್ಲ, ನಂಬಿಕೆಯಿಂದ ಒಗೆಯುತ್ತಿರುವುದಕ್ಕೆ. ಸನ್ಯಾಸವೇ ಶ್ರೇಷ್ಠ ಎಂದು ನಂಬಿದ್ದ ಕಾಲದಲ್ಲಿ, ತಾನೇ ಸನ್ಯಾಸಿಯಾಗಿದ್ದವನು ಬರೆದದ್ದು ಇದು. (ಅಪ್ಪಂದಿರೇ, ಓದಿ ಸುಮ್ನೆ ಲೈಕ್ ಒತ್ತಿ ಹೋಗಬೇಡಿ.)

ಹಾಗಂತ "ಕೆಲಸವೇ ಆರಾಧನೆ" ಎಂಬ ಮಾತಿನ ದುರುಪಯೋಗವೂ ಕಡಿಮೆ ಇಲ್ಲ. ಏನು ಮಾಡಿದರೂ ಕರ್ತನಿಗೋಸ್ಕರ ಎಂದು ಮನಸ್ಸಿಟ್ಟು ಮಾಡಿ ಎನ್ನುವ ಕೊಲೊಸ್ಸೆ 3:23 ಗೊತ್ತಲ್ವಾ? ಅಪೊಸ್ತಲ ಪೌಲ ಅದನ್ನು ಬರೆದದ್ದು ದಾಸರಿಗೆ. ನಿಮ್ಮ ಬೆವರನ್ನು ಯಜಮಾನ ನೋಡದಿದ್ದರೂ ಒಬ್ಬಾತ ನೋಡುತ್ತಾನೆ ಎಂಬ ಸಮಾಧಾನ ಅದರಲ್ಲಿದೆ. ಅಲ್ಲಿಗೇ ನಿಲ್ಲದೆ 4:1ರಲ್ಲಿ ಯಜಮಾನರ ಕಡೆ ತಿರುಗುತ್ತಾನೆ. ದಾಸರಿಗೆ ನ್ಯಾಯವಾದದ್ದನ್ನು ಕೊಡಿ, ಪರಲೋಕದಲ್ಲಿ ನಿಮಗೂ ಒಬ್ಬ ಯಜಮಾನನಿದ್ದಾನೆ ಅಂತ. ಸಂಬಳ ತಡಮಾಡುವವರು, ರಜೆ ಕೇಳಿದರೆ ಮುಖ ಸಿಂಡರಿಸುವವರು 3:23 ಹೇಳಿದಾಗ ನನಗೆ ಸಿಟ್ಟು ಬರುತ್ತದೆ. ಅವರ ವಚನ ಅದಲ್ಲ, ಮುಂದಿನದು.

ಇನ್ನೂ ಒಂದು ವಿಷಯ ನನ್ನನ್ನು ಕಾಡುತ್ತದೆ. ಉದ್ದೇಶದ ಮಾತು ಎಲ್ಲಿ ಶುರುವಾದರೂ ಕೊನೆಗೆ ಕೆಲಸಕ್ಕೇ ಬಂದು ನಿಲ್ಲುತ್ತದೆ. ಹಾಸಿಗೆ ಹಿಡಿದವರ ಗತಿ ಏನು? ಕೆಲಸ ಕಳೆದುಕೊಂಡವರು? ನೆನಪೇ ಉಳಿಯದ ಹಿರಿಯರು? ಪೌಲ ಬೇಡಿಗಳಲ್ಲಿದ್ದು ಪತ್ರ ಬರೆದ ಅಂತ ಅವರಿಗೆ ಹೇಳುವವರಿದ್ದಾರೆ. ಎಲ್ಲರೂ ಪೌಲ ಆಗಬೇಕಾ? ಬಾರೂಕ ಯೆರೆಮೀಯ ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದವನು. ನರಳಿ ನರಳಿ ದಣಿದಿದ್ದೇನೆ, ನೆಮ್ಮದಿ ಇಲ್ಲ ಅಂತ ಅವನು ಗೋಳಾಡಿದಾಗ, ದೊಡ್ಡದನ್ನು ಹುಡುಕಬೇಡ ಎಂಬ ದೇವರ ಉತ್ತರ ಬಂತು. ನೀನು ಎಲ್ಲಿಗೆ ಹೋದರೂ ನಿನ್ನ ಪ್ರಾಣ ಉಳಿಸುತ್ತೇನೆ, ಅಷ್ಟೇ. ಯೆರೆಮೀಯ 45, ಐದೇ ವಚನಗಳ ಅಧ್ಯಾಯ. ಮೊದಲು ಓದಿದಾಗ ಜಿಪುಣ ಉತ್ತರ ಅನಿಸಿತ್ತು. ಈಗ ಹಾಗನಿಸುವುದಿಲ್ಲ. ಏನೂ ಮಾಡಲಾಗದವರ ದಿನಕ್ಕೂ ಬೆಲೆ ಇದೆ ಎಂದು ನಂಬಲು ನನಗೆ ಅದೇ ಆಧಾರ.

ಆದರೆ ಅವರ ಹಾಸಿಗೆಯ ಪಕ್ಕ ನಿಂತು ಇದನ್ನೆಲ್ಲ ವಿವರಿಸಲು ಹೋಗಬೇಡಿ. ವಚನವನ್ನೂ ಅವರು ಕೇಳಿದರೆ ಓದಿ. ನೋಡಿಕೊಳ್ಳುವವರು ಬೇರೆ ಇದ್ದಾರಲ್ಲ, ಅವರಿಗೆ ಒಂದು ಗಂಟೆ ನಿದ್ದೆ ಮಾಡಲು ಬಿಟ್ಟು ನೀವು ಅಲ್ಲಿ ಕೂತಿರಿ. ಈ ವಾರ ಯಾರ ಮನೆಗೆ ಹೋಗಬೇಕು ಅಂತ ನಿಮಗೆ ಈಗಾಗಲೇ ಗೊತ್ತಿರುತ್ತದೆ. ಹೋಗುವ ಮುಂಚೆ ಫೋನ್ ಮಾಡಿ.