ಆಗ್ನೇಯ ಮೂಲೆಯ ಮೇನ್ ಸ್ವಿಚ್

ಕರೆಂಟ್ ಎಂದರೆ ಅಗ್ನಿ, ಅಗ್ನಿಯ ಜಾಗ ಆಗ್ನೇಯ. ಆದ್ದರಿಂದ ಕಾಂಪ್ಲೆಕ್ಸಿನ ಮೇನ್ ಸ್ವಿಚ್ಚೂ ಆಗ್ನೇಯಕ್ಕೇ ಇರಬೇಕು ಎಂದು ವಾಸ್ತು ಪಂಡಿತರ ಅಪ್ಪಣೆಯಾಯಿತು. ಕಂಬಕ್ಕೆ ವಾಸ್ತು ಗೊತ್ತಿಲ್ಲವಲ್ಲ, ಅದು ವಾಯವ್ಯದ ರಸ್ತೆಬದಿಯಲ್ಲಿ ನಿಂತಿದೆ. ಸರಿ, ಕಂಬದಿಂದ ಬರುವ ಸರ್ವಿಸ್ ಕೇಬಲ್ ಬೇಸ್‌ಮೆಂಟಿಗೆ ಇಳಿದು, ಕಾರುಗಳ ನೆತ್ತಿಯ ಮೇಲೆ ನಲವತ್ತು ಮೀಟರ್ ಪ್ರದಕ್ಷಿಣೆ ಹಾಕಿ ಮೂಲೆ ಸೇರಿತು. ಈಗ ಮೇನ್ ಆಫ್ ಮಾಡಿದರೂ ಆ ನಲವತ್ತು ಮೀಟರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಅದು ಹೋಗಬೇಕಾದರೆ ಲೈನ್‌ಮನ್ ಬಂದು ಹೊರಗಿನ ಫ್ಯೂಸ್ ಕೀಳಬೇಕು. ಸಪ್ಲೈ ಒಳಬರುವಲ್ಲಿಗೆ ಆದಷ್ಟೂ ಹತ್ತಿರದಲ್ಲಿ, ಥಟ್ಟನೆ ಕೈಗೆಟಕುವಂತೆ ಮೇನ್ ಇರಲಿ ಎಂದು ನಿಯಮ ಹೇಳುವುದು ಇದಕ್ಕೇ.

ಮೇನ್ ಇರುವ ಬೋರ್ಡಿನ, ಅಂದರೆ ಪ್ಯಾನೆಲ್ಲಿನ, ಮುಂದೆ 1 ಮೀಟರ್ ಜಾಗ ಖಾಲಿ ಬಿಡಬೇಕು ಎಂದೂ ನಿಯಮವಿದೆ. ಹಿಂದೆ ತೆರೆದ ಕನೆಕ್ಷನ್‌ಗಳಿದ್ದರೆ ಗೋಡೆಗೂ ಬೋರ್ಡಿಗೂ ನಡುವೆ 20 ಸೆಂ.ಮೀ.ಗಿಂತ ಕಡಿಮೆ, ಇಲ್ಲವೇ 75 ಸೆಂ.ಮೀ.ಗಿಂತ ಹೆಚ್ಚು. ಅಂದರೆ ಯಾರೂ ನುಸುಳಬಾರದು, ನುಸುಳಿದರೆ ನೆಟ್ಟಗೆ ಹೊರಬರಬೇಕು. ನಮ್ಮವರು ಜಾಣರು, 40 ಬಿಟ್ಟರು. ಪೊರಕೆಗೆ ಅಳತೆ ಕೊಟ್ಟು ಹೊಲಿಸಿದಂತಾಯಿತು. ಬೋರ್ಡಿನ ಮುಂದೆ ಖಾಲಿ ಇರಬೇಕಾದ ಆ ಒಂದು ಮೀಟರ್ ಜಾಗದಲ್ಲಿ ಗಣೇಶನ ಪೆಂಡಾಲಿನ ಪೈಪು, ಹಳೇ ಫ್ಲೆಕ್ಸು, ಫಿನೈಲ್ ಕ್ಯಾನು. ಬಾಡಿಗೆ ಬಾರದ ಜಾಗವನ್ನು ಸುಮ್ಮನೆ ಬಿಡಲಾದೀತೆ?

ಮಳೆಗಾಲದಲ್ಲಿ ಬೇಸ್‌ಮೆಂಟಿಗೆ ನೀರು ನುಗ್ಗುತ್ತದೆ. ನೀರೆತ್ತುವ ಪಂಪಿಗೂ ಇದೇ ಪ್ಯಾನೆಲ್ಲಿನಿಂದಲೇ ಕರೆಂಟ್. ನೀರು ಪ್ಯಾನೆಲ್ಲಿಗೆ ತಾಗಿದರೆ ಮೇನ್ ಟ್ರಿಪ್, ಪಂಪ್ ಬಂದ್. ಆಮೇಲೆ ನೀರಿಗೆ ಹೇಳುವವರು ಕೇಳುವವರು ಇಲ್ಲ.

ಬೆಂಕಿ ಬಿದ್ದಾಗಿನ ಸೊಗಸೇ ಬೇರೆ. ವಾಚ್‌ಮನ್ ಬೀಗದ ಕೈ ಹುಡುಕಿ, ಪೈಪು ಸರಿಸಿ, ಮೇನ್ ಇಳಿಸುತ್ತಾನೆ. ಅಬ್ಬಾ ಎನ್ನುವಷ್ಟರಲ್ಲಿ ಜನರೇಟರಿನ ಎಎಂಎಫ್ ಪ್ಯಾನೆಲ್ 'ಅಯ್ಯೋ, ಕರೆಂಟ್ ಹೋಯಿತಲ್ಲ' ಎಂದು ತಾನಾಗಿಯೇ ಜನರೇಟರ್ ಸ್ಟಾರ್ಟ್ ಮಾಡಿ, ಉರಿಯುತ್ತಿರುವ ಮಹಡಿಗೆ ಮತ್ತೆ ಕರೆಂಟ್ ಕೊಡುತ್ತದೆ. ಸ್ವಾಮಿಭಕ್ತಿ! ಅದರ ಎಮರ್ಜೆನ್ಸಿ ಸ್ಟಾಪ್ ಇರುವುದು ಕಟ್ಟಡದ ಹಿಂಬದಿಯಲ್ಲಿ, ಇನ್ನೊಂದು ಬೀಗದೊಳಗೆ. ತಾರಸಿಯ ಸೋಲಾರ್ ಪ್ಯಾನೆಲ್ಲಿನಿಂದ ಇಳಿಯುವ ಡಿಸಿ ವೈರಿನಲ್ಲಿ ಬಿಸಿಲಿರುವಷ್ಟು ಹೊತ್ತೂ ವೋಲ್ಟೇಜ್ ಇರುತ್ತದೆ. ಯುಪಿಎಸ್ ಬ್ಯಾಟರಿಗಳದು ಬೇರೆಯೇ ಸಂಸಾರ. ಯಾವುದನ್ನು ಎಲ್ಲಿ ಆಫ್ ಮಾಡಬೇಕೆಂಬ ನಕ್ಷೆಯನ್ನು ಗೇಟಿನ ಬಳಿ ಅಂಟಿಸಬಹುದಿತ್ತು. ಅಲ್ಲಿ 'ಟು-ಲೆಟ್' ಅಂಟಿಸಿದ್ದಾರೆ.

ಪ್ಯಾನೆಲ್ ರೂಮಿನ ಬಾಗಿಲು ತೆರೆಯುವುದೇ ಇಲ್ಲ ಎನ್ನುವಂತಿಲ್ಲ. ಆಯುಧಪೂಜೆಯ ದಿನ ತೆರೆದು, ಬಾಳೆಕಂದು ಕಟ್ಟಿ, ಊದುಬತ್ತಿ ಹಚ್ಚಿ, ಹ್ಯಾಂಡಲ್ಲಿಗೆ ಅರಿಶಿನ ಕುಂಕುಮ ಬಳಿಯುತ್ತಾರೆ. ಈ ಸಲ ಬಳಿದದ್ದು ತುಸು ದಪ್ಪವಾಗಿಯೇ ಬಿದ್ದಿದೆ. ಆನ್ ಯಾವ ಕಡೆ, ಆಫ್ ಯಾವ ಕಡೆ ಎಂಬ ಅಕ್ಷರಗಳು ಕುಂಕುಮದಡಿ ಇವೆ.