ಸ್ಟ್ಯಾಂಡ್ ಇಲ್ಲದ ಸೈಕಲ್ಲು

ನಾಲ್ಕು ಜನ ಸೇರಿ ಸೈಕಲ್ ಹೊಡೆಯುವುದು ವ್ಯಾಯಾಮಕ್ಕೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒಬ್ಬರೇ ಹೊಡೆದರೆ ವ್ಯಾಯಾಮ. ಗುಂಪಿನಲ್ಲಿ ಹೋದರೆ ನಿಲ್ಲುವುದಕ್ಕೆ ನೆಪ ಹುಡುಕುವುದೇ ಕೆಲಸ. ಒಬ್ಬನಿಗೆ ಕಾಫಿ ಬೇಕು, ಇನ್ನೊಬ್ಬನಿಗೆ ಫೋಟೋ ಬೇಕು, ಮತ್ತೊಬ್ಬನಿಗೆ ಉಸಿರು ಬೇಕು. ಉಸಿರು ಬೇಕಾದವನು ಯಾವತ್ತೂ ಹಾಗಂತ ಹೇಳುವುದಿಲ್ಲ. “ಆ ಹಕ್ಕಿ ನೋಡ್ರೋ” ಎನ್ನುತ್ತಾನೆ.

ಮೈಸೂರಿನ ನಮ್ಮ ಗುಂಪಿಗೆ ಭಾನುವಾರದ ಮೆಚ್ಚಿನ ದಾರಿ ಮೇಲುಕೋಟೆ. ಸುಮಾರು 50 ಕಿಲೋಮೀಟರ್. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್‌ನಿಂದ ಬೈಕುಗಳನ್ನೇ ಬಿಡುತ್ತಿಲ್ಲ, ಇನ್ನು ನಮ್ಮನ್ನು ಬಿಡುತ್ತಾರಾ? ಸರ್ವಿಸ್ ರಸ್ತೆಯಲ್ಲೇ ಶ್ರೀರಂಗಪಟ್ಟಣ ಸೇರಬೇಕು. ಅಲ್ಲಿ ಮೊದಲ ನೆಪ ಸಿದ್ಧವಾಗಿರುತ್ತದೆ: ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆ. ಅದರ ಕಲ್ಲಿನ ಕಂಬಗಳು ಎರಡು ಶತಮಾನದಿಂದ ಕಾವೇರಿಯಲ್ಲಿ ನಿಂತಿವೆ. ನಾವೂ ನಿಲ್ಲುತ್ತೇವೆ. ಗುಂಪಿನ ಮೇಷ್ಟ್ರು ಪ್ರತಿ ಸಲವೂ ಅದರ ಚರಿತ್ರೆ ಹೇಳುತ್ತಾರೆ. ನಾವು ಪ್ರತಿ ಸಲವೂ ಈಗಷ್ಟೇ ಕೇಳಿದವರ ಹಾಗೆ ಕಣ್ಣರಳಿಸುತ್ತೇವೆ. ಪಾಠ ಉದ್ದವಾದಷ್ಟೂ ಕಾಲಿಗೆ ಆರಾಮ.

ಪಾಂಡವಪುರದ ಕಡೆ ತಿರುಗಿದ ಮೇಲೆ ನಿಜವಾದ ಹಳ್ಳಿ ದಾರಿ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರು, ಎರಡೂ ಕಡೆ ಕಬ್ಬು, ಎದುರಿಗೂ ಕಬ್ಬಿನ ಗಾಡಿ. ನಮ್ಮ ಸೈಕಲ್‌ಗಳ ಮರ್ಯಾದೆ ಹರಾಜಾಗುವುದು ಇಲ್ಲಿಯೇ. ಟೀ ಅಂಗಡಿ ಮುಂದೆ ನಿಲ್ಲಿಸಿದ ಕೂಡಲೇ (ನಿಲ್ಲಿಸುವುದು ಅಂದರೆ ಗೋಡೆಗೋ ಮರಕ್ಕೋ ಒರಗಿಸುವುದು) ಯಾರಾದರೂ ಯಜಮಾನರು ಬಂದು ಟೈರು ಒತ್ತಿ ನೋಡುತ್ತಾರೆ.

“ಎಷ್ಟಾಯ್ತು ಸ್ವಾಮಿ ಇದಕ್ಕೆ?”

ನಮ್ಮ ಬ್ಯಾಂಕ್ ಗೆಳೆಯ, ಮನೆಯಲ್ಲಿ ಹೆಂಡತಿಗೆ ಹೇಳಿದ ಬೆಲೆಯನ್ನೇ ಇಲ್ಲೂ ಹೇಳುತ್ತಾನೆ. ಅಂದರೆ ನಿಜದ ಅರ್ಧ. ಅಷ್ಟಕ್ಕೇ ಯಜಮಾನರು ಬೆಚ್ಚಿಬೀಳುತ್ತಾರೆ.

“ಅಷ್ಟ್ ದುಡ್ಡು ಈಸ್ಕಂಡು ಒಂದು ಸ್ಟ್ಯಾಂಡ್ ಕೊಟ್ಟಿಲ್ವಾ? ಕ್ಯಾರಿಯರ್ರೂ ಇಲ್ಲ! ಒಂದು ಹೊರೆ ಹುಲ್ಲು ಹಾಕ್ಕಂಡು ಬರಂಗಿಲ್ಲ. ಮೋಸ ಮಾಡವ್ರೆ ನಿಮಗೆ.”

ಒಮ್ಮೆ ಮೇಷ್ಟ್ರು, ತೂಕ ಇಳಿಸುವುದಕ್ಕಾಗಿ ಅವನ್ನೆಲ್ಲ ತೆಗೆದಿರುತ್ತಾರೆ ಅಂತ ವಿವರಿಸಲು ಹೋದರು. ಯಜಮಾನರು ಮೇಷ್ಟ್ರ ಹೊಟ್ಟೆಯನ್ನೊಮ್ಮೆ ನೋಡಿ ಸುಮ್ಮನಾದರು.

ಪಂಕ್ಚರ್ ಆದರಂತೂ ಕೇಳಲೇಬೇಡಿ. ಊರಿನ ಪಂಕ್ಚರ್ ಅಂಗಡಿಯಲ್ಲಿ ಟ್ರ್ಯಾಕ್ಟರಿನಿಂದ ಹಿಡಿದು ಎತ್ತಿನ ಗಾಡಿಯವರೆಗೆ ಎಲ್ಲದಕ್ಕೂ ಗಾಳಿ ಇದೆ. ನಮ್ಮ ಟ್ಯೂಬಿನ ಕಡ್ಡಿಯಂಥ ಪ್ರೆಸ್ಟಾ ವಾಲ್ವಿಗೆ ಮಾತ್ರ ಆ ಪಂಪಿನ ಬಾಯಿ ಕೂರುವುದಿಲ್ಲ. ಅದಕ್ಕೊಂದು ಪುಟ್ಟ ಹಿತ್ತಾಳೆ ಅಡಾಪ್ಟರ್ ಸಿಗುತ್ತದೆ. ನಮ್ಮಲ್ಲಿ ಎಲ್ಲರ ಹತ್ತಿರವೂ ಇದೆ, ಮನೆಯಲ್ಲಿ.

ಆಲೆಮನೆ ಕಂಡರೆ ನೆಪವೇ ಬೇಡ. ಆಗ ತಾನೇ ಹಿಂಡಿದ ಕಬ್ಬಿನ ಹಾಲು, ಅಚ್ಚಿಗೆ ಹುಯ್ಯುವ ಮೊದಲಿನ ಬಿಸಿ ಬೆಲ್ಲ. ಗುಂಪಿನ ಡಾಕ್ಟ್ರು “ಶುಗರ್ ಇದ್ದವರು ಮುಟ್ಟಬೇಡಿ” ಅಂತ ಎಚ್ಚರಿಸಿ, ಅವರು ಬಿಟ್ಟಿದ್ದನ್ನೂ ತಾವೇ ತಿನ್ನುತ್ತಾರೆ. ಅಲ್ಲಿಂದ ಮುಂದೆ ರಸ್ತೆಯ ಪ್ರತಿ ಗುಂಡಿಗೂ ಹೊಟ್ಟೆಯೊಳಗೆ ಕುಲುಕುವ ಸದ್ದು.

ಚಳಿಗಾಲದಲ್ಲಿ ಈ ದಾರಿಯ ಗಮ್ಮತ್ತೇ ಬೇರೆ. ಹುರುಳಿ ಕಿತ್ತು ಟಾರು ರಸ್ತೆಯ ಮೇಲೇ ಹರಡಿರುತ್ತಾರೆ. ಬಸ್ಸು, ಲಾರಿ ಹಾಯ್ದರೆ ಒಕ್ಕಣೆ ಬಿಟ್ಟಿ. ಹಾಗೆ ಮಾಡಬಾರದು ಅಂತ ಅಧಿಕಾರಿಗಳು ಹೇಳುತ್ತಲೇ ಇರುತ್ತಾರೆ, ಹುರುಳಿಯೂ ರಸ್ತೆಗೆ ಬರುತ್ತಲೇ ಇರುತ್ತದೆ. ಹೋದ ಜನವರಿಯಲ್ಲಿ ನಾವೆಲ್ಲ ಇಳಿದು, ಅಂಚಿನಲ್ಲಿ ಸೈಕಲ್ ತಳ್ಳಿಕೊಂಡು ಹೋದೆವು. ಬ್ಯಾಂಕ್ ಗೆಳೆಯ ಮಾತ್ರ ಜೋರಾಗಿ ಅದರ ಮೇಲೇ ನುಗ್ಗಿದ. ಬಳ್ಳಿ ಹಿಂದಿನ ಗೇರಿಗೆ ಸುತ್ತಿಕೊಂಡಿತು, ಚೈನ್ ಕಚ್ಚಿಕೊಂಡಿತು, ಗೇರು ಬದಲಿಸುವ ಡಿರೈಲರ್ ಬಗ್ಗಿ ಚಕ್ರದ ಕಡ್ಡಿಗಳೊಳಗೆ ಹೋಗಿ ಸೇರಿತು. ಅವನು ಮೆತ್ತಗೆ ಹುರುಳಿ ರಾಶಿಯ ಮೇಲೆ ಕೂತ.

ಪೊರಕೆ ಹಿಡಿದ ಅಜ್ಜಿಯೊಬ್ಬರು ಓಡಿ ಬಂದರು. ಎಬ್ಬಿಸುವುದಕ್ಕೆ ಅಂದುಕೊಂಡೆವು. ಅಜ್ಜಿ ಬಗ್ಗಿ ನೋಡಿದ್ದು ಹುರುಳಿಯನ್ನು.

“ಲಾರಿ ಹೋದ್ರೆ ಒಂದ್ ಸೇರು ಕಾಳು ಉದುರ್ತದೆ ಕಣಪ್ಪ. ನಿನ್ ಸೈಕಲ್ ಹೋದ್ರೆ ಒಂದ್ ಕಾಯೂ ಬಾಯಿಬಿಡ್ಲಿಲ್ಲ” ಅಂದರು. ಆಮೇಲೆ ಅವನು ಕೂತ ಜಾಗವನ್ನು ಇನ್ನೊಮ್ಮೆ ನೋಡಿ, “ಇಲ್ಲಿ ಮಾತ್ರ ವಸಿ ಉದುರವೆ. ಇನ್ನೊಂದ್ ಕಿತ ಕುಂತ್ಕೊ” ಅಂದರು.

ಡಾಕ್ಟ್ರು ಅಲ್ಲೇ ಪರೀಕ್ಷೆ ಮಾಡಿ, ಸೈಕಲ್ಲಿಗೆ ಬಿಟ್ಟರೆ ಬೇರೆ ಯಾರಿಗೂ ಪೆಟ್ಟಾಗಿಲ್ಲ ಅಂತ ತೀರ್ಪು ಕೊಟ್ಟರು. ಅಜ್ಜಿಯೇ ಕುಡುಗೋಲು ತಂದು ಬಳ್ಳಿ ಬಿಡಿಸಿದರು. ಆದರೆ ಬಗ್ಗಿದ್ದು ನೆಟ್ಟಗಾಗುವ ಹಾಗಿರಲಿಲ್ಲ. ಮೇಲುಕೋಟೆಗೆ ತೆಂಗಿನಕಾಯಿ ಒಯ್ಯುತ್ತಿದ್ದ ಒಂದು ಗೂಡ್ಸ್ ಆಟೋ ಸಿಕ್ಕಿತು. ಮೂಟೆಗಳ ಮೇಲೆ ಸೈಕಲ್, ಸೈಕಲ್ ಪಕ್ಕ ಗೆಳೆಯ. ನಮಗೆ ಕೈಬೀಸಿ ಹೊರಟೇಬಿಟ್ಟ.

ಜಕ್ಕನಹಳ್ಳಿ ದಾಟಿದ ಮೇಲೆ ಏರು. ಅದನ್ನು ಹತ್ತುವಾಗ ನಮಗೆ ಕಂಡ ಹಕ್ಕಿಗಳ ಸಂಖ್ಯೆ ಇಷ್ಟೇ ಅಂತ ಹೇಳಲಾಗದು. ಮೇಲೆ ತಲುಪುವಷ್ಟರಲ್ಲಿ ಗೆಳೆಯ ಎರಡನೇ ಪೊಟ್ಟಣದ ಪುಳಿಯೋಗರೆ ಮುಗಿಸಿ, ಬೆರಳು ಚೀಪುತ್ತಿದ್ದ.

ಆಗ ಅವನ ಮೊಬೈಲು ಟಿಣ್ ಅಂದಿತು. ಬಿದ್ದ ಗಡಿಬಿಡಿಯಲ್ಲಿ ಸೈಕ್ಲಿಂಗ್ ಆ್ಯಪ್ ಆಫ್ ಮಾಡಿರಲಿಲ್ಲ. ಈ ಏರನ್ನು ಅತಿ ಬೇಗ ಹತ್ತಿದವನು ಅಂತ ಅದು ಅವನಿಗೆ ಚಿನ್ನದ ಕಿರೀಟವನ್ನೇ ತೊಡಿಸಿತ್ತು. ವೈರಮುಡಿ ಉತ್ಸವಕ್ಕೆ ಚೆಲುವನಾರಾಯಣನ ಕಿರೀಟ ಬರುವುದು ಮಂಡ್ಯದ ಖಜಾನೆಯಿಂದ. ಇವನದು ಬಂದಿದ್ದು ಗೂಡ್ಸ್ ಆಟೋದಿಂದ. ಸಂಜೆಯೊಳಗೆ ಅಭಿನಂದನೆಗಳೂ ಶುರುವಾದವು. ಬೆಂಗಳೂರಿನ ಯಾರೋ ಉತ್ಸಾಹಿಯೊಬ್ಬರು, “ಆ ಏರಲ್ಲಿ ಯಾವ ಗೇರ್ ಹಾಕಿದ್ರಿ ಸಾರ್?” ಅಂತ ಕೇಳಿದ್ದರು.

“ಸೆಕೆಂಡ್ ಗೇರ್” ಅಂತ ಇವನು ಉತ್ತರಿಸಿದ್ದಾನೆ. ಪಾಪ, ಆಟೋದವನನ್ನು ಕೇಳಿಕೊಂಡೇ ಬರೆದದ್ದು.